ಬ್ಯಾಕಪ್ಪಿಗೆ ಬೇಡವೆಂದ ಫೋಲ್ಡರು

ಜೆ.ಪಿ. ನಗರ ಎರಡನೇ ಹಂತದ ಆ ರಕ್ತನಿಧಿಯಲ್ಲಿ ಸರ್ವರ್ ಇದ್ದದ್ದು ಹಿಂದಿನ ಸ್ಟೋರ್ ರೂಮಿನಲ್ಲಿ. ಒಂದು ಗೋಡೆಗೆ ಖಾಲಿ ರಕ್ತದ ಚೀಲಗಳ ರಟ್ಟಿನ ಪೆಟ್ಟಿಗೆ, ಇನ್ನೊಂದು ಗೋಡೆಗೆ ದಾನಿಗಳಿಗೆ ಕೊಡುವ ಬಿಸ್ಕತ್ತಿನ ಡಬ್ಬ, ನಡುವೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಗುಂಯ್‌ಗುಡುತ್ತಿದ್ದ ಕಪ್ಪು ಯಂತ್ರ. ಮಂಗಳವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಅರ್ಪಿತ ಅದರೆದುರು ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತಾಗ ಅವಳ ತಲೆಯಲ್ಲಿದ್ದದ್ದು ಬೇಗ ಮುಗಿಸಬೇಕೆಂಬುದೊಂದೇ. ಹನ್ನೊಂದೂವರೆಗೆ ಇಲ್ಲಿಂದೆದ್ದರೆ ಬನಶಂಕರಿಯ ಹಲ್ಲಿನ ಕ್ಲಿನಿಕ್ಕು, ಅಲ್ಲಿಂದ ಪದ್ಮನಾಭನಗರದ ಟ್ಯೂಷನ್ ಸೆಂಟರು, ನಾಲ್ಕರೊಳಗೆ ಮನೆ.

ಹೀಗೆ ಆರು ಕಡೆ ಸರ್ವರ್ ನೋಡಿಕೊಳ್ಳುವುದು ಅವಳ ಕಸುಬು. ಒಂದು ಕಂಪನಿಯಲ್ಲಿ ಏಳು ವರ್ಷ ದುಡಿದು, ಬೇಸರ ಬಂದು ಬಿಟ್ಟು, ಎರಡು ವರ್ಷದಿಂದ ಸ್ವಂತವಾಗಿ ಮಾಡುತ್ತಿದ್ದಳು. ವಸಂತಪುರದ ಮನೆಯಿಂದ ಸ್ಕೂಟರಿನಲ್ಲಿ ಹೊರಟರೆ ಆರೂ ಜಾಗ ಅರ್ಧ ಗಂಟೆಯ ದಾರಿ. ಅವಳಪ್ಪ ಚಿಕ್ಕಬೈರಪ್ಪನವರು ಮಹಡಿಯ ಬಾಡಿಗೆದಾರರ ಮುಂದೆ, "ನಮ್ ಹುಡ್ಗಿ ಕಂಪ್ಯೂಟರ್‌ಗೆ ಡಾಕ್ಟ್ರು" ಎನ್ನುತ್ತಿದ್ದರು. ಅರ್ಪಿತಳಿಗೂ ಆ ಮಾತು ಒಳಗೊಳಗೇ ಇಷ್ಟವಾಗುತ್ತಿತ್ತು. ಈ ಎರಡು ವರ್ಷದಲ್ಲಿ ಅವಳ ಕೈಯಿಂದ ಒಂದು ಕಡತವೂ ಹಾಳಾಗಿರಲಿಲ್ಲ.

ಇವತ್ತಿನ ಕೆಲಸ ಸಣ್ಣದು. ಸರ್ವರಿನ ಡಿಸ್ಕ್ ತುಂಬಿಹೋಗಿತ್ತು. ನಾಲ್ಕು ದಿನದಿಂದ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತಿತ್ತು. ಎಲ್ಲಿ ಜಾಗ ಕಚ್ಚಿಕೊಂಡಿದೆ ಎಂದು ಹುಡುಕಿದಾಗ ‘ಎಂಎನ್‌ಟಿ’ ಎಂಬ ಫೋಲ್ಡರಿನೊಳಗೆ ‘ಹಳೇದು’ ಎಂಬ ಇನ್ನೊಂದು ಫೋಲ್ಡರ್ ಸಿಕ್ಕಿತು. ಎಂಎನ್‌ಟಿ ಎಂದರೆ ಹೊರಗಿನಿಂದ ತಂದು ಸಿಕ್ಕಿಸುವ ಡಿಸ್ಕುಗಳಿಗೆಂದೇ ಇಟ್ಟ ಬಾಗಿಲು. ಈಗ ಅಲ್ಲಿ ಯಾವ ಡಿಸ್ಕೂ ಸಿಕ್ಕಿಸಿರಲಿಲ್ಲ. ಆದರೂ ಆ ‘ಹಳೇದು’ ಅರವತ್ತು ಜಿಬಿ ನುಂಗಿಕೊಂಡು ಕೂತಿತ್ತು. ತೆರೆದು ನೋಡಿದರೆ ಮೇಲೆಲ್ಲ ಐದಾರು ವರ್ಷದ ಹಿಂದಿನ ಸ್ಕ್ಯಾನುಗಳು, ಶಿಬಿರದ ಫೋಟೋಗಳು. ಹಿಂದೆ ಇಲ್ಲಿ ಈ ಕೆಲಸ ನೋಡುತ್ತಿದ್ದ ವಿಶ್ರುತ್ ಎಂಬವನು ಯಾವಾಗಲೋ ಮಾಡಿಟ್ಟು ಮರೆತ ನಕಲಿರಬೇಕು ಎಂದುಕೊಂಡಳು. ಕೆಳಗಿನವರೆಗೆ ನೋಡಲಿಲ್ಲ. ಅಳಿಸುವ ಆಜ್ಞೆ ಕೊಟ್ಟು ಎಂಟರ್ ಒತ್ತಿದಳು.

ಡಿಸ್ಕಿನಲ್ಲಿ ಜಾಗವಾಯಿತು. ಅರ್ಪಿತ ಬೆನ್ನು ನೆಟ್ಟಗೆ ಮಾಡಿ, ಬ್ಯಾಗಿನಿಂದ ನೀರಿನ ಬಾಟಲಿ ತೆಗೆದಳು.

ಮುಚ್ಚಳ ತಿರುಗಿಸುವಷ್ಟರಲ್ಲಿ ಹೊರಗಿನ ಕೌಂಟರಿನಿಂದ ವನಿತಾಳ ದನಿ ಕೇಳಿಸಿತು. "ಅರ್ಪಿತಾ, ಸ್ವಲ್ಪ ಬರ್ತೀರಾ ಇಲ್ಲಿ? ರೇರ್ ಲಿಸ್ಟ್ ಓಪನ್ ಆಗ್ತಿಲ್ಲ."

ವನಿತಾ ದಾನಿಗಳನ್ನು ಮಾತಾಡಿಸಿ, ಒಪ್ಪಿಸಿ, ಫೋನ್ ಮಾಡಿ ಕರೆಸುವವಳು. ಹನ್ನೆರಡು ವರ್ಷದಿಂದ ಅದೇ ಕುರ್ಚಿಯಲ್ಲಿದ್ದಳು. ಅವಳೆದುರು ಮೂವತ್ತರ ಆಸುಪಾಸಿನ ಒಬ್ಬ ಗಂಡಸು ನಿಂತಿದ್ದ. ಒಂದು ಕೈಯಲ್ಲಿ ಆಸ್ಪತ್ರೆಯ ಚೀಟಿ, ಇನ್ನೊಂದರಲ್ಲಿ ರಕ್ತದ ಮಾದರಿಯ ಪುಟ್ಟ ಐಸ್ ಡಬ್ಬ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡಿದ್ದು ಅವನಿಗೇ ಗೊತ್ತಿದ್ದಂತಿರಲಿಲ್ಲ. ಹೆಸರು ದೀಪಕ್. ಅವನ ಹೆಂಡತಿ ಮಧುಶ್ರೀಗೆ ಎಂಟು ತಿಂಗಳು. ಬೆಳಿಗ್ಗೆ ಐದರಿಂದ ರಕ್ತಸ್ರಾವ. ಜಯನಗರದ ಹೆರಿಗೆ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗು ತೆಗೆಯಬೇಕು ಅಂದಿದ್ದರು. ಎರಡು ಯೂನಿಟ್ ರಕ್ತ ಕೈಯಲ್ಲಿಲ್ಲದೆ ಥಿಯೇಟರಿಗೆ ಕರೆದೊಯ್ಯಲು ಡಾಕ್ಟರು ಒಪ್ಪುತ್ತಿರಲಿಲ್ಲ.

"ಬಾಂಬೆ ಗ್ರೂಪ್" ಎಂದಳು ವನಿತಾ, ದನಿ ತಗ್ಗಿಸಿ.

ಅರ್ಪಿತಳಿಗೂ ಅಷ್ಟು ಗೊತ್ತಿತ್ತು. ಮಾಮೂಲಿ ಪರೀಕ್ಷೆಯಲ್ಲಿ ಓ ಎಂದೇ ಕಾಣುವ ಗುಂಪು ಅದು. ಆದರೆ ಓ ರಕ್ತ ಏರಿಸಿದರೆ ಮೈ ಒಪ್ಪುವುದಿಲ್ಲ, ಜೀವಕ್ಕೇ ಬರುತ್ತದೆ. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿದ್ದರೆ ಹೆಚ್ಚು. ಅದನ್ನು ಫ್ರಿಜ್ಜಿನಲ್ಲಿ ಸದಾ ಇಟ್ಟುಕೊಂಡಿರಲು ಆಗುವುದಿಲ್ಲ, ಬೇಕಾದಾಗ ದಾನಿಯನ್ನೇ ಕರೆಸಬೇಕು. ಅದಕ್ಕೆಂದೇ ವನಿತಾ ಹನ್ನೆರಡು ವರ್ಷದಿಂದ ಒಬ್ಬೊಬ್ಬರನ್ನೇ ಹುಡುಕಿ ಒಂದು ಪಟ್ಟಿ ಮಾಡಿದ್ದಳು. ನಲವತ್ತಮೂರು ಜನ. ಹೆಸರು, ಫೋನು, ಮನೆ, ಕೊನೆಯ ಸಲ ಕೊಟ್ಟ ದಿನ.

"ನೋಡಿ, ಇದೇನೋ ಬರ್ತಿದೆ" ಎಂದು ವನಿತಾ ಪರದೆ ತಿರುಗಿಸಿದಳು.

ಕಡತ ಸಿಗುತ್ತಿಲ್ಲ, ಎಂದಿತ್ತು ಅಲ್ಲಿ. ಕೆಳಗೆ ಆ ಕಡತ ಇರಬೇಕಾದ ಜಾಗದ ವಿಳಾಸ. ಎಂಎನ್‌ಟಿ, ಅದರೊಳಗೆ ಹಳೇದು, ಅದರೊಳಗೆ ದಾನಿ.

ಅರ್ಪಿತ ಆ ವಿಳಾಸವನ್ನು ಎರಡು ಸಲ ಓದಿದಳು.

"ಏನಾಗಿದೆ?" ಎನ್ನುತ್ತ ಡಾಕ್ಟರ್ ಸಂಜೀವಯ್ಯನವರು ಒಳಗಿನ ಕೋಣೆಯಿಂದ ಬಂದರು. ಅರವತ್ತು ದಾಟಿದ, ತೆಳ್ಳಗಿನ ಮನುಷ್ಯ. ರಕ್ತನಿಧಿಯ ಜವಾಬ್ದಾರಿಯೆಲ್ಲ ಅವರದೇ. ಅವರು ಕೂಗಾಡಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ.

ಆ ಕ್ಷಣ ಅವಳು ಹೇಳಬಹುದಿತ್ತು. ನಾಲ್ಕು ಮಾತು ಸಾಕಿತ್ತು: ನಾನು ಈಗ ತಾನೇ ಅಳಿಸಿದೆ. ಆದರೆ ದೀಪಕ್ ಅವಳ ಮುಖವನ್ನೇ ನೋಡುತ್ತಿದ್ದ. ಬ್ಯಾಕಪ್ ಇದ್ದೇ ಇರುತ್ತದೆ, ಐದು ನಿಮಿಷದಲ್ಲಿ ತಂದು ಹಾಕಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಎಂದಿತು ಒಳಗಿನ ದನಿ.

"ಏನೋ ಹ್ಯಾಂಗ್ ಆಗಿದೆ ಅನ್ಸತ್ತೆ ಸಾರ್. ನೋಡ್ತೀನಿ, ಐದು ನಿಮಿಷ" ಎಂದು ಹೇಳಿ ಸ್ಟೋರ್ ರೂಮಿಗೆ ಬಂದಳು. ಓಡಬಾರದೆಂದು ಅಂದುಕೊಂಡು ಓಡಿಯೇ ಬಂದಳು.

ಬ್ಯಾಕಪ್ ಡಿಸ್ಕಿನಲ್ಲಿ ಹೋದ ವಾರದ ನಕಲಿತ್ತು. ತೆರೆದಳು. ಎಲ್ಲವೂ ಇತ್ತು, ಎಂಎನ್‌ಟಿ ಖಾಲಿ. ಅದರ ಹಿಂದಿನ ವಾರದ್ದು ತೆರೆದಳು. ಖಾಲಿ. ಹೋದ ತಿಂಗಳದ್ದು, ಹೋದ ವರ್ಷದ್ದು. ಎಲ್ಲದರಲ್ಲೂ ಖಾಲಿ.

ಕೊನೆಗೆ ಅವಳು ಏನನ್ನು ನೋಡಬಾರದೆಂದುಕೊಂಡಿದ್ದಳೋ ಅದನ್ನೇ ತೆರೆದಳು. ಬ್ಯಾಕಪ್ಪಿನಿಂದ ಹೊರಗಿಡಬೇಕಾದವುಗಳ ಪಟ್ಟಿ. ಪ್ರಾಕ್, ಸಿಸ್, ಡೆವ್, ರನ್, ಟೆಂಪ್, ಎಂಎನ್‌ಟಿ. ಮೇಲೆ ಅವಳದೇ ಹೆಸರು, ಎರಡು ವರ್ಷದ ಹಿಂದಿನ ಒಂದು ತಾರೀಕು. ಇಲ್ಲಿಗೆ ಬಂದ ಮೊದಲ ವಾರ ಬರೆದದ್ದು.

ಪಟ್ಟಿಯಲ್ಲಿ ತಪ್ಪಿರಲಿಲ್ಲ. ಯಾವ ಕಂಪ್ಯೂಟರಿನವರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ. ಪ್ರಾಕ್, ಸಿಸ್ ಎಂಬವು ನಿಜವಾದ ಕಡತಗಳೇ ಅಲ್ಲ, ಯಂತ್ರ ಓಡುತ್ತಿರುವಾಗ ತನ್ನ ಒಳಗೇನು ನಡೆದಿದೆ ಎಂದು ತೋರಿಸುವ ಕಿಟಕಿಗಳು. ಯಂತ್ರ ಆರಿಸಿದರೆ ಅವೂ ಇರುವುದಿಲ್ಲ. ಟೆಂಪ್ ಬಂದು ಹೋಗುವ ಸಾಮಾನಿನ ಜಾಗ. ಎಂಎನ್‌ಟಿಯನ್ನು ಹೊರಗಿಡದಿದ್ದರೆ, ಬ್ಯಾಕಪ್ ಡಿಸ್ಕನ್ನು ಅಲ್ಲಿ ಸಿಕ್ಕಿಸಿದಾಗ ಬ್ಯಾಕಪ್ಪು ತನ್ನ ನಕಲನ್ನೇ ಮತ್ತೆ ನಕಲು ಮಾಡತೊಡಗುತ್ತದೆ. ಎಲ್ಲ ಸರಿ. ಆದರೆ ಆ ಹೆಸರುಗಳನ್ನು ಬರೆಯುವಾಗ ಈ ಯಂತ್ರದಲ್ಲಿ, ಈ ರಕ್ತನಿಧಿಯಲ್ಲಿ, ಅವುಗಳೊಳಗೆ ಏನಿದೆ ಎಂದು ಅವಳು ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಬೇರೆ ಕಡೆಯಿಂದ ಎತ್ತಿ ತಂದು ಅಂಟಿಸಿದ್ದಳು. ಇವತ್ತು ಅಳಿಸುವಾಗಲೂ ನೋಡಲಿಲ್ಲ.

ವಿಶ್ರುತ್‌ನ ನಂಬರು ಹುಡುಕಿ ಫೋನ್ ಮಾಡಿದಳು. ನಾಲ್ಕನೇ ರಿಂಗಿಗೆ ತೆಗೆದ.

"ಆ ರೇರ್ ಡೋನರ್ ಫೈಲು ಎಂಎನ್‌ಟಿ ಒಳಗೆ ಯಾಕಿಟ್ರಿ ನೀವು?" ಹಲೋ ಎನ್ನುವುದಕ್ಕೂ ಪುರುಸೊತ್ತಿಲ್ಲದಂತೆ ಕೇಳಿದಳು.

"ಓ, ಅದಾ. ಅವಾಗ ಡಿಸ್ಕ್ ಫುಲ್ ಆಗಿತ್ತು ಮೇಡಂ. ಹೊರಗಡೆ ಡಿಸ್ಕ್ ಹಾಕಿ ಅಲ್ಲಿಗೆ ಸಾಗಿಸ್ದೆ. ಆಮೇಲೆ ಆ ಡಿಸ್ಕ್ ಕೆಟ್ಟೋಯ್ತು, ಇರೋದನ್ನೆಲ್ಲ ಅದೇ ಹೆಸರಲ್ಲಿ ವಾಪಸ್ ಮೇನ್ ಡಿಸ್ಕಿಗೇ ಹಾಕ್ದೆ. ಟೆಂಪರರಿ ಅಂತ..." ಅವನು ತಡೆದು, "ಯಾಕೆ? ನೀವು ಬ್ಯಾಕಪ್ ತಗೋತಿದ್ರಲ್ಲ?" ಎಂದ.

ಬಯ್ಯಬೇಕೆಂದು ತುದಿನಾಲಿಗೆಗೆ ಬಂದದ್ದೆಲ್ಲ ಅಲ್ಲೇ ಒಣಗಿತು.

"ಅಳಿಸ್ಬಿಟ್ಟೆ" ಎಂದಳು. ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವನೆದುರು, ಮುಖ ನೋಡಿರದ ಮನುಷ್ಯನೆದುರು. "ಇಪ್ಪತ್ತು ನಿಮಿಷ ಆಯ್ತು. ಬ್ಯಾಕಪ್ಪಲ್ಲಿ ಇಲ್ಲ."

ಆ ಕಡೆ ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಅವನೇ ಕೇಳಿದ. "ಮೇಡಂ, ಆ ಮೆಸೇಜ್ ಕಳ್ಸೋ ಪ್ರೋಗ್ರಾಂ ಇನ್ನೂ ಓಡ್ತಿದ್ಯಾ? ಮೂರು ತಿಂಗಳಿಗೊಂದು ಸಲ ‘ನೀವೀಗ ಮತ್ತೆ ರಕ್ತ ಕೊಡಬಹುದು’ ಅಂತ ಹೋಗತ್ತಲ್ಲ, ಅದು. ಒಂದು ಸಲ ಶುರುವಾದ್ರೆ ಆ ಫೈಲನ್ನ ಬಿಡೋದೇ ಇಲ್ಲ ಅದು. ತೆಗೆದಿಟ್ಕೊಂಡೇ ಇರತ್ತೆ. ನಾನೇ ಸೋಮಾರಿತನಕ್ಕೆ ಹಂಗೆ ಬರ್ದಿದ್ದೆ."

ಅರ್ಪಿತ ಎದ್ದು ನಿಂತುಬಿಟ್ಟಳು. ಸ್ಟೂಲು ಹಿಂದಕ್ಕೆ ಉರುಳಿ ಬಿಸ್ಕತ್ತಿನ ಡಬ್ಬಕ್ಕೆ ಬಡಿಯಿತು.

ಇಂಥ ಯಂತ್ರದಲ್ಲಿ ಕಡತ ಅಳಿಸಿದರೆ ಮೊದಲು ಹೋಗುವುದು ಅದರ ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದು ಹಿಡಿದಿದ್ದರೆ, ಅದು ಕೈ ಬಿಡುವವರೆಗೆ ಒಳಗಿನದೆಲ್ಲ ಡಿಸ್ಕಿನಲ್ಲಿ ಹಾಗೇ ಇರುತ್ತದೆ. ಹೆಸರಿಲ್ಲದ್ದರಿಂದ ಹೊರಗಿನವರಿಗೆ ಕಾಣುವುದಿಲ್ಲ, ಅಷ್ಟೇ. ಅದನ್ನು ಮುಟ್ಟಲು ಇರುವ ದಾರಿ ಪ್ರಾಕ್ ಎಂಬ ಆ ಕಿಟಕಿ. ಪ್ರೋಗ್ರಾಂ ನಿಂತರೆ ಮುಗಿಯಿತು. ಯಂತ್ರ ಒಂದು ಸಲ ಆರಿ ಹತ್ತಿದರೂ ಮುಗಿಯಿತು.

"ರೀಸ್ಟಾರ್ಟ್ ಮಾತ್ರ ಮಾಡ್ಬೇಡಿ" ಎಂದ ವಿಶ್ರುತ್.

"ಗೊತ್ತು" ಎಂದು ಫೋನಿಟ್ಟಳು.

ಕೀಬೋರ್ಡಿಗೆ ಕೈ ಹಾಕಿದ್ದಳಷ್ಟೇ, ಪರದೆಯ ಮೇಲೆ ತಾನಾಗಿ ಒಂದು ಸಾಲು ಮೂಡಿತು. ಈ ಯಂತ್ರ ಎರಡು ನಿಮಿಷದಲ್ಲಿ ರೀಸ್ಟಾರ್ಟ್ ಆಗಲಿದೆ.

ಅವಳಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಹೊರಗಿನಿಂದ ಡಾಕ್ಟರು ಫೋನಿನಲ್ಲಿ ಮಾತಾಡುತ್ತಿರುವುದು ಕಿವಿಗೆ ಬಿತ್ತು. "ಹೌದು ರಘು, ಹ್ಯಾಂಗ್ ಆಗಿದೆಯಂತೆ. ನೀವೇ ಅಲ್ಲಿಂದ ರೀಸ್ಟಾರ್ಟ್ ಮಾಡ್ಬಿಡಿ. ಪೇಷಂಟ್ ಕಡೆಯವರು ಕಾಯ್ತಿದಾರೆ."

ರಘು ರಕ್ತನಿಧಿಯ ಸಾಫ್ಟ್‌ವೇರ್ ಕಂಪನಿಯವನು. ಬಿಟಿಎಂ ಲೇಔಟಿನ ಆಫೀಸಿನಲ್ಲಿ ಕೂತು ಅಲ್ಲಿಂದಲೇ ಈ ಯಂತ್ರಕ್ಕೆ ಕೈ ಹಾಕಬಲ್ಲವನು. ಹ್ಯಾಂಗ್ ಆಗಿದೆ ಎಂದರೆ ಯಾರು ಬೇಕಾದರೂ ಮಾಡುವುದು ಅದನ್ನೇ. ಹ್ಯಾಂಗ್ ಆಗಿದೆ ಎಂದು ಹೇಳಿದ್ದು ಅವಳೇ.

ರದ್ದು ಮಾಡುವ ಆಜ್ಞೆ ಬೆರಳಿಗೆ ಬಂತು. ಹೊಡೆದಳು. ರದ್ದಾಯಿತು ಎಂದಿತು ಪರದೆ. ಅವಳು ಉಸಿರು ಬಿಡುವಷ್ಟರಲ್ಲಿ ಮತ್ತೊಂದು ಸಾಲು. ಒಂದು ನಿಮಿಷದಲ್ಲಿ ರೀಸ್ಟಾರ್ಟ್ ಆಗಲಿದೆ. ಮತ್ತೆ ರದ್ದು ಮಾಡಿದಳು. ಈ ಸಲ ಅವನು ಒಂದು ನಿಮಿಷವನ್ನೂ ಕೊಡುವುದಿಲ್ಲ, ಈ ಕ್ಷಣವೇ ಎಂದು ಹೊಡೆಯುತ್ತಾನೆ ಅನ್ನಿಸಿತು. ಸ್ಟ್ಯಾಂಡಿನ ಹಿಂದಕ್ಕೆ ಕೈ ತೂರಿಸಿದಳು. ಧೂಳು, ಜೇಡರ ಬಲೆ, ನಾಲ್ಕೈದು ವೈರು. ನೀಲಿಯದು ನೆಟ್‌ವರ್ಕಿನದು. ಕೊಕ್ಕೆ ಒತ್ತಿ ಎಳೆದಳು. ಬರಲಿಲ್ಲ. ಉಗುರು ಮಡಚಿಕೊಂಡಿತು. ಹಲ್ಲು ಕಚ್ಚಿ ಮತ್ತೊಮ್ಮೆ ಎಳೆದಳು. ಬಂತು.

ವೈರು ಕೈಯಲ್ಲಿ ಹಿಡಿದುಕೊಂಡೇ ಅವಳು ಯಂತ್ರದ ಫ್ಯಾನಿನ ಸದ್ದಿಗೆ ಕಿವಿಗೊಟ್ಟಳು. ಎಳೆಯುವ ಮೊದಲೇ ಆಜ್ಞೆ ಬಂದಿದ್ದರೆ ಈಗ ಆ ಸದ್ದು ಒಮ್ಮೆ ಏರಿ ನಿಲ್ಲಬೇಕು. ಹತ್ತು ಸೆಕೆಂಡು. ಹದಿನೈದು. ಗುಂಯ್ ಎನ್ನುವ ಸದ್ದು ಹಾಗೇ ಇತ್ತು.

ಬಾಗಿಲಲ್ಲಿ ಡಾಕ್ಟರ್ ನಿಂತಿದ್ದರು. ಕೈಯಲ್ಲಿ ಫೋನು, ಸ್ಪೀಕರ್ ಹಾಕಿದ್ದರು.

"ಸಾರ್, ಯಾರೋ ಅಲ್ಲಿ ಕ್ಯಾನ್ಸಲ್ ಮಾಡ್ತಿದಾರೆ" ಎನ್ನುತ್ತಿದ್ದ ರಘು. "ಈಗ ಕನೆಕ್ಷನ್ನೇ ಹೋಯ್ತು. ಒಂದು ಕೆಲ್ಸ ಮಾಡಿ, ಮುಂದ್ಗಡೆ ಪವರ್ ಬಟನ್ ಇರತ್ತೆ ನೋಡಿ, ಐದು ಸೆಕೆಂಡ್ ಒತ್ತಿ ಹಿಡ್ಕೊಳಿ. ಆಫ್ ಆಗತ್ತೆ."

ಡಾಕ್ಟರು ಎರಡು ಹೆಜ್ಜೆ ಮುಂದೆ ಬಂದರು. ಅವರ ಬೆರಳು ಬಟನ್ನಿನ ಕಡೆ ಚಾಚಿತ್ತು. ಅರ್ಪಿತ ಯಂತ್ರಕ್ಕೂ ಅವರಿಗೂ ನಡುವೆ ಬಂದು ನಿಂತಳು. ಬೆನ್ನಿಗೆ ಸ್ಟ್ಯಾಂಡಿನ ಕಬ್ಬಿಣ ಒತ್ತುತ್ತಿತ್ತು.

"ಬೇಡ ಸಾರ್. ಮುಟ್ಟಬೇಡಿ."

"ಅರ್ಪಿತಾ, ಏನಿದು? ಟೈಮ್ ಇಲ್ಲ ನಮಗೆ."

"ಹ್ಯಾಂಗ್ ಆಗಿಲ್ಲ ಸಾರ್. ಸುಳ್ಳು ಹೇಳ್ದೆ." ಅವಳ ದನಿ ತನ್ನದಲ್ಲವೇನೋ ಎಂಬಂತೆ ಸಣ್ಣಗೆ ಬಂತು. "ಆ ಲಿಸ್ಟನ್ನ ನಾನೇ ಅಳಿಸ್ದೆ. ಹಳೇ ಕಸ ಅಂದ್ಕೊಂಡು. ಬ್ಯಾಕಪ್ಪಲ್ಲೂ ಇಲ್ಲ. ಆ ಫೋಲ್ಡರ್ ಬೇಡ ಅಂತ ಎರಡು ವರ್ಷದ ಹಿಂದೆ ನಾನೇ ಬರ್ದಿದ್ದೆ. ಈಗ ಅದು ಇರೋದು ಇದರೊಳಗೆ ಮಾತ್ರ, ಇದು ಓಡ್ತಿರೋವರ್ಗೆ ಮಾತ್ರ. ಆರಿಸಿದ್ರೆ ಪೂರ್ತಿ ಹೋಗತ್ತೆ."

ಬಾಗಿಲ ಹಿಂದೆ ವನಿತಾ ಬಂದು ನಿಂತಿದ್ದಳು. ಅವಳ ಹಿಂದೆ ದೀಪಕ್. ಅವನ ಕಿವಿಗೆ ಎಷ್ಟು ಬಿತ್ತೋ, ಐಸ್ ಡಬ್ಬವನ್ನು ಎದೆಗೆ ಒತ್ತಿಕೊಂಡ.

ಸಂಜೀವಯ್ಯನವರ ಮುಖದಲ್ಲಿ ಬಂದದ್ದು ಕೋಪವೋ ದಿಗಿಲೋ ಅವಳಿಗೆ ತಿಳಿಯಲಿಲ್ಲ. ಅವರು ಫೋನನ್ನು ಬಾಯಿಯ ಹತ್ತಿರ ತಂದು, "ರಘು, ಏನೂ ಮಾಡಬೇಡಿ. ಆಮೇಲೆ ಮಾತಾಡ್ತೀನಿ" ಎಂದರು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. "ಮಾಡಿ" ಎಂದರು ಅವಳಿಗೆ.

ಸ್ಟೂಲು ಎತ್ತಿಕೊಳ್ಳಲೂ ಇಲ್ಲ, ನಿಂತುಕೊಂಡೇ ಬರೆದಳು. ಅಳಿಸಿಹೋದ, ಆದರೆ ಇನ್ನೂ ಯಾರದೋ ಕೈಯಲ್ಲಿರುವ ಕಡತಗಳನ್ನು ತೋರಿಸು. ಪರದೆಯ ಮೇಲೆ ಒಂದೇ ಸಾಲು ಬಂತು. ಮೆಸೇಜ್ ಕಳಿಸುವ ಪ್ರೋಗ್ರಾಮಿನ ನಂಬರು, ಎರಡು ಸಾವಿರದ ಇನ್ನೂರ ಹದಿನೇಳು. ಅದು ಹಿಡಿದ ಕಡತಕ್ಕೆ ಅದೇ ಕೊಟ್ಟುಕೊಂಡ ಗುರುತು, ಏಳು. ಪಕ್ಕದಲ್ಲಿ ದಾನಿ ಎಂಬ ಹೆಸರು, ಅದರ ಮುಂದೆ ‘ಅಳಿಸಲಾಗಿದೆ’.

ಇತ್ತು. ಇನ್ನೂ ಇತ್ತು.

ಪ್ರಾಕ್, ಎರಡು ಸಾವಿರದ ಇನ್ನೂರ ಹದಿನೇಳು, ಏಳು. ಅಲ್ಲಿಂದ ತೆಗೆದು ಇಲ್ಲಿಗೆ ನಕಲು ಮಾಡು. ಅವಸರಕ್ಕೆ ಎರಡು ಸಲ ತಪ್ಪು ಬರೆದಳು. ಮೂರನೇ ಸಲ ಬರೆದದ್ದನ್ನು ಅಕ್ಷರ ಅಕ್ಷರ ಓದಿದಳು. ಎಂಟರ್ ಒತ್ತುವ ಮೊದಲು ಮತ್ತೊಂದು ಸಲ ಓದಿದಳು. ಬೆಳಿಗ್ಗೆ ಹೀಗೆ ಓದಿದ್ದರೆ ಎಂಬ ಯೋಚನೆ ಬಂತು, ಅದನ್ನು ಅತ್ತ ತಳ್ಳಿ ಒತ್ತಿದಳು.

ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಹನ್ನೊಂದು ಎಂಬಿ. ಅಷ್ಟು ಚಿಕ್ಕ ಕಡತ. ಅದರ ಇನ್ನೊಂದು ನಕಲು ತನ್ನ ಪೆನ್ ಡ್ರೈವಿಗೆ, ಮತ್ತೊಂದು ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಆಮೇಲೆ ತೆರೆದಳು. ಮೊದಲ ಸಾಲಿನಲ್ಲಿ ಒಂದು ಹೆಸರು, ಹತ್ತಂಕಿಯ ಒಂದು ನಂಬರು. ಕೆಳಕ್ಕೆ ಸರಿಸಿದಳು. ಸರಿಸುತ್ತ ಹೋದಳು.

"ನಲವತ್ತಮೂರು" ಎಂದಳು.

ವನಿತಾ ಆಗಲೇ ತನ್ನ ಕುರ್ಚಿಯ ಕಡೆ ಓಡುತ್ತಿದ್ದಳು.

ಹಳೇ ಜಾಗದಲ್ಲೇ ಕಡತ ಕೂರಿಸಿ, ನೀಲಿ ವೈರು ಮತ್ತೆ ಸಿಕ್ಕಿಸಿದಾಗ ವನಿತಾಳ ಪರದೆ ತೆರೆದುಕೊಂಡಿತು. ಗಂಟೆ ಹನ್ನೊಂದು ಐವತ್ತು. ಮೊದಲ ನಂಬರು ಸ್ವಿಚ್ ಆಫ್. ಎರಡನೆಯವರು ಮೂರು ವಾರದ ಹಿಂದಷ್ಟೇ ಕೊಟ್ಟಿದ್ದರು. ಮೂರನೆಯವನು ಹೈದರಾಬಾದಿನಲ್ಲಿದ್ದ. ನಾಲ್ಕನೆಯ ಮನೆಯಲ್ಲಿ ಫೋನೆತ್ತಿದ ಹೆಂಗಸು, ಅವರಿಗೆ ಜ್ವರ ಎಂದರು. ಅರ್ಪಿತ ಕೌಂಟರಿನ ಪಕ್ಕ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಅಲ್ಲಿ ಕೆಲಸವಿರಲಿಲ್ಲ. ಅಲ್ಲಿಂದ ಹೋಗಲೂ ಆಗಲಿಲ್ಲ. ದೀಪಕ್‌ನ ಫೋನು ಎರಡು ಸಲ ಹೊಡೆಯಿತು. ಎರಡು ಸಲವೂ ಅವನು, "ಹುಡುಕ್ತಿದಾರೆ ಅತ್ತೆ, ಸಿಗತ್ತೆ" ಎಂದ. ಎರಡನೇ ಸಲ ಅವನ ದನಿ ಒಡೆಯಿತು.

"ಅಲಮೇಲು ಮೇಡಂ, ನಾನು ವನಿತಾ" ಎಂದಳು ವನಿತಾ ಆರನೆಯ ನಂಬರಿಗೆ. ಆ ಕಡೆಯಿಂದ ಮಕ್ಕಳ ಗಲಾಟೆ ಕೇಳಿಸಿತು. ಪದ್ಮನಾಭನಗರದ ಶಾಲೆಯೊಂದರಲ್ಲಿ ಪಾಠ ಹೇಳುವ ಹೆಂಗಸು. ವನಿತಾ ಎರಡೇ ವಾಕ್ಯದಲ್ಲಿ ವಿಷಯ ಹೇಳಿದಳು. ಆ ಕಡೆಯ ಉತ್ತರ ಕೇಳಿ ವನಿತಾಳ ಮುಖ ಸಡಿಲವಾಯಿತು. "ನೆಕ್ಸ್ಟ್ ಪೀರಿಯಡ್ ಯಾರಿಗಾದ್ರೂ ವಹಿಸಿ ಬರ್ತಾರಂತೆ. ಮುಕ್ಕಾಲು ಗಂಟೆ."

ಇನ್ನೊಬ್ಬರು ಬೇಕಿತ್ತು. ಹನ್ನೊಂದನೇ ನಂಬರಿನಲ್ಲಿ ಸಿಕ್ಕವನು ಬನಶಂಕರಿ ಎರಡನೇ ಹಂತದ ಆಟೋ ಚಾಲಕ ತಿಪ್ಪಣ್ಣ. ಊಟಕ್ಕೆ ಕೂತಿದ್ದನಂತೆ. "ಊಟ ಮುಗ್ಸೇ ಬಾ ಅಣ್ಣ, ಖಾಲಿ ಹೊಟ್ಟೇಲಿ ತಗೊಳಲ್ಲ ನಾವು. ಆದ್ರೆ ಬೇಗ" ಎಂದಳು ವನಿತಾ.

ಅಲಮೇಲು ಬಂದದ್ದು ಒಂದು ಗಂಟೆಗೆ, ಬೆರಳುಗಳಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇತ್ತು. ತಿಪ್ಪಣ್ಣ ಬಂದದ್ದು ಅದಾಗಿ ಹತ್ತು ನಿಮಿಷಕ್ಕೆ. ರಕ್ತ ತೆಗೆದು, ಪರೀಕ್ಷೆ ಮಾಡಿ, ಮಧುಶ್ರೀಯ ಮಾದರಿಯ ಜೊತೆ ಹೊಂದಿಸಿ ನೋಡುವಷ್ಟರಲ್ಲಿ ಮೂರೂಮುಕ್ಕಾಲಾಯಿತು. ಲ್ಯಾಬಿನ ಬಾಗಿಲು ತೆರೆದಾಗಲೆಲ್ಲ ದೀಪಕ್ ಎದ್ದು ನಿಲ್ಲುತ್ತಿದ್ದ. ಕೊನೆಗೆ ಎರಡು ಚೀಲಗಳನ್ನು ಪೆಟ್ಟಿಗೆಯಲ್ಲಿಟ್ಟು ಅವನ ಕೈಗೆ ಕೊಟ್ಟಾಗ ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಅರ್ಪಿತಳ ಮುಂದೆ ಬಂದು, "ನೀವೇ ಹುಡುಕಿ ಕೊಟ್ರಂತಲ್ಲ ಅಕ್ಕ, ತುಂಬಾ..." ಎಂದ.

"ನನಗೆ ಥ್ಯಾಂಕ್ಸ್ ಹೇಳ್ಬೇಡಿ" ಎಂದಳು ಅವಳು. "ಒಂದು ಗಂಟೆ ನಿಮ್ಗೆ ತಡ ಆಗಿದ್ದು ನನ್ನಿಂದ. ಹೋಗಿ, ಬೇಗ ಹೋಗಿ."

ಅವನಿಗೆ ಅರ್ಥವಾಯಿತೋ ಇಲ್ಲವೋ. ತಿಪ್ಪಣ್ಣನ ಆಟೋದಲ್ಲೇ ಹೊರಟ. ರಕ್ತ ಕೊಟ್ಟ ಕೂಡಲೇ ಗಾಡಿ ಓಡಿಸಬಾರದೆಂದು ಅಲ್ಲಿಯವರೆಗೆ ಬೆಂಚಿನ ಮೇಲೆ ಮಲಗಿಸಿದ್ದ ತಿಪ್ಪಣ್ಣ, ಈಗ ಯಾರು ಹೇಳಿದರೂ ಕೇಳುವವನಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಸಂಜೀವಯ್ಯನವರು ಅವಳನ್ನು ಕೋಣೆಗೆ ಕರೆದರು. ಕೂರಿ ಎನ್ನಲಿಲ್ಲ. ಅವಳೂ ಕೂರಲಿಲ್ಲ.

"ಅಳಿಸಿದ್ದು ತಪ್ಪು. ಆದ್ರೆ ತಪ್ಪು ಯಾರ ಕೈಯಲ್ಲೂ ಆಗತ್ತೆ. ನಾನೂ ಮಾಡಿದೀನಿ, ನನ್ನ ತಪ್ಪುಗಳು ಇದಕ್ಕಿಂತ ದೊಡ್ಡವು" ಎಂದರು ಮೆಲ್ಲಗೆ. "ಹ್ಯಾಂಗ್ ಆಗಿದೆ ಅಂದ್ರಲ್ಲ, ಅದು. ಆ ಮಾತು ನಂಬಿ ನಾನು ಬಟನ್ ಒತ್ತೋಕೆ ಬಂದೆ. ಇನ್ನೊಂದು ಐದು ಸೆಕೆಂಡ್ ಆಗಿದ್ರೆ?"

ಅರ್ಪಿತಳಿಗೆ ಅಳು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತೇನೋ.

"ಇದನ್ನ ನಡ್ಸೋ ಟ್ರಸ್ಟಿನ ಜಯದೇವಪ್ಪನವರಿಗೆ ನಾನು ಹೇಳ್ಲೇಬೇಕು. ನಿಮ್ಮನ್ನ ಇಟ್ಕೊಳೋದು ಬಿಡೋದು ಅವರಿಗೆ ಬಿಟ್ಟಿದ್ದು. ಏನೇನಾಯ್ತು ಅಂತ ಬರ್ದು ಕೊಡಿ. ಒಂದನ್ನೂ ಬಿಡದೆ."

"ಬರ್ದು ಕೊಡ್ತೀನಿ ಸಾರ್."

ದಾನಿಗಳು ಕೂತು ಜ್ಯೂಸ್ ಕುಡಿಯುವ ಕೋಣೆ ಖಾಲಿಯಿತ್ತು. ಅಲ್ಲೇ ಲ್ಯಾಪ್‌ಟಾಪ್ ತೆರೆದು ಬರೆಯಲು ಕೂತಳು. ಎರಡು ಪುಟವಾಯಿತು. ಮತ್ತೆ ಸಿಗದ ಹಳೇ ಸ್ಕ್ಯಾನು, ಫೋಟೋಗಳ ವಿಷಯವನ್ನೂ ಬರೆದಳು. ವಿಶ್ರುತ್ ಆ ಕಡತವನ್ನು ಅಲ್ಲಿಟ್ಟದ್ದನ್ನು ಒಂದು ಸಾಲಿನಲ್ಲಿ ಬರೆದಳು. ಅದನ್ನು ತಾನು ಎರಡು ವರ್ಷ ನೋಡದೆ ಇದ್ದದ್ದನ್ನು ಆರು ಸಾಲಿನಲ್ಲಿ ಬರೆದಳು. ಹೊರಗಿಡುವ ಪಟ್ಟಿಯನ್ನು ಹಾಗೇ ನಕಲು ಮಾಡಿ ಅಂಟಿಸುವಾಗ ಅವಳ ಕೈ ನಿಂತಿತು.

ಇದೇ ಪಟ್ಟಿ ಬೇರೆ ಐದು ಕಡೆಯೂ ಇತ್ತು.

ಐದೂ ಜಾಗ ಕಣ್ಣ ಮುಂದೆ ಬಂದವು. ಎಲ್ಲ ಕಡೆಯೂ ಅವಳೇ ಅಂಟಿಸಿದ್ದು, ಎಲ್ಲ ಕಡೆಯೂ ನೋಡದೇ ಅಂಟಿಸಿದ್ದು. ಫೋನಿನ ಇಂಟರ್ನೆಟ್ ಹಾಕಿಕೊಂಡು ಒಂದೊಂದೇ ಸರ್ವರಿನೊಳಗೆ ಹೋದಳು. ಹಲ್ಲಿನ ಕ್ಲಿನಿಕ್ಕಿನಲ್ಲಿ ಬ್ಯಾಕಪ್ಪಿನಿಂದ ಹೊರಗಿಟ್ಟ ಫೋಲ್ಡರುಗಳಲ್ಲಿ ಬೇಕಾದದ್ದೇನೂ ಇರಲಿಲ್ಲ. ಮುಂದಿನ ಮೂರರಲ್ಲೂ ಅಷ್ಟೇ, ಬಿಡಬೇಕಾದದ್ದನ್ನೇ ಬಿಟ್ಟಿತ್ತು. ಪದ್ಮನಾಭನಗರದ ಟ್ಯೂಷನ್ ಸೆಂಟರಿನದನ್ನು ಕೊನೆಗೆ ತೆರೆದಳು. ಎಂಎನ್‌ಟಿಯಲ್ಲಿ ಏನಿಲ್ಲ. ಟೆಂಪ್ ತೆರೆದಳು. ಅಲ್ಲಿ ಒಂದು ಫೋಲ್ಡರ್. ಪಿಯುಸಿ ಮಕ್ಕಳ ಮೂರು ತಿಂಗಳ ಉತ್ತರಪತ್ರಿಕೆಗಳ ಸ್ಕ್ಯಾನು, ಸಾವಿರದ ಮೇಲೆ. ಹೊಸ ಸ್ಕ್ಯಾನರ್ ತಂದವರು ಯಾರೋ ಅಲ್ಲಿಗೇ ತೋರಿಸಿ ಹೋಗಿದ್ದರು. ಬ್ಯಾಕಪ್ಪಿಗೆ ಅದು ಬೇಡದ ಜಾಗ. ಯಂತ್ರ ಒಂದು ಸಲ ಆರಿ ಹತ್ತಿದರೆ ಟೆಂಪ್ ತಾನಾಗಿಯೇ ಗುಡಿಸಿ ಖಾಲಿಯಾಗುತ್ತದೆ.

ಯಾರಿಗೂ ಗೊತ್ತಿರಲಿಲ್ಲ. ಇಲ್ಲೇ ಕೂತು ಅದನ್ನು ಸರಿಯಾದ ಜಾಗಕ್ಕೆ ಸಾಗಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಮೊದಲು ಎಲ್ಲವನ್ನೂ ತನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡಳು. ಪೂರ್ತಿ ಬಂದಿದೆಯೇ ಎಂದು ಎಣಿಸಿದಳು. ಬಂದಿತ್ತು. ಆದರೆ ಫೋಲ್ಡರಿನ ಜಾಗ ಬದಲಿಸದೆ ಹಾಗೇ ಬಿಟ್ಟಳು.

ವನಿತಾ ಬಾಗಿಲಲ್ಲಿ ತಲೆ ಹಾಕಿದಾಗ ಐದೂವರೆ. "ಹೆಣ್ಣು ಮಗು. ಎರಡು ಕೇಜಿ ನೂರು ಗ್ರಾಂ. ಗಾಜಿನ ಪೆಟ್ಟಿಗೇಲಿ ಇಟ್ಟಿದಾರಂತೆ, ಚೆನ್ನಾಗಿದೆಯಂತೆ. ಅಮ್ಮನಿಗೆ ಎರಡನೇ ಯೂನಿಟ್ ಹೋಗ್ತಿದೆ, ಬಿಪಿ ಹತೋಟಿಗೆ ಬಂದಿದೆ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಹನ್ನೆರಡು ವರ್ಷದ ತನ್ನ ಪಟ್ಟಿಯ ಬಗ್ಗೆ ಅವಳು ಇಡೀ ದಿನ ಒಂದು ಮಾತೂ ಆಡಿರಲಿಲ್ಲ. ಈಗ ಹೋಗುವವಳು ತಿರುಗಿ, "ನಾಳೆ ಅದನ್ನ ನಂಗೊಂದು ಪ್ರಿಂಟ್ ತೆಗೆದುಕೊಡಿ. ಕಾಗದದಲ್ಲಿ" ಎಂದಳಷ್ಟೇ. ಆ ‘ಕಾಗದದಲ್ಲಿ’ ಎಂಬ ಮಾತು ಅರ್ಪಿತಳಿಗೆ ಡಾಕ್ಟರರ ಮಾತಿಗಿಂತ ಆಳವಾಗಿ ನಾಟಿತು.

ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತು ಟ್ಯೂಷನ್ ಸೆಂಟರಿನ ಸೇತುರಾಮ ಮೇಷ್ಟ್ರಿಗೆ ಫೋನ್ ಮಾಡಿದಳು.

"ಹೇಳಮ್ಮ. ಮಧ್ಯಾಹ್ನ ಬರ್ತೀನಿ ಅಂದಿದ್ದೆ, ಬರ್ಲೇ ಇಲ್ವಲ್ಲ?"

"ಸಾರ್, ನಿಮ್ಮ ಬ್ಯಾಕಪ್ಪಲ್ಲಿ ನಂದೊಂದು ತಪ್ಪಾಗಿದೆ. ಮೂರು ತಿಂಗಳಿಂದ ಮಕ್ಕಳ ಪೇಪರ್‌ಗಳು ಅದರಲ್ಲಿ ಬರ್ತಾ ಇಲ್ಲ. ಏನೂ ಹೋಗಿಲ್ಲ, ಆದ್ರೆ ಹೋಗ್ಬೋದಿತ್ತು. ನಾನು ನೋಡ್ಲಿಲ್ಲ."

ಮೇಷ್ಟ್ರ ಹಿಂದೆ ಯಾವುದೋ ಹುಡುಗಿ ಲೆಕ್ಕದ ಸೂತ್ರ ಒಪ್ಪಿಸುತ್ತಿದ್ದದ್ದು ಕೇಳಿಸುತ್ತಿತ್ತು.

"ಮೂರು ತಿಂಗಳಾ?" ಎಂದರು ಮೇಷ್ಟ್ರು. ದನಿಯಲ್ಲಿದ್ದ ಸಲುಗೆ ಹೋಗಿತ್ತು.

"ಹೌದು ಸಾರ್. ನೀವು ಕಂಪ್ಯೂಟರ್ ಆಫ್ ಮಾಡ್ಬೇಡಿ, ಯಾರಿಗೂ ಮಾಡೋಕೆ ಬಿಡ್ಬೇಡಿ. ನಾನು ಈಗ್ಲೇ ಬರ್ತಿದೀನಿ. ನಿಮ್ಮ ಮುಂದೇನೇ ಸರಿ ಮಾಡಿ, ವಾಪಸ್ ತೆಗೆದು ತೋರ್ಸಿ ಹೋಗ್ತೀನಿ."

"ಬನ್ನಿ" ಎಂದರು. ಯಾವತ್ತೂ ಬಾಮ್ಮ ಎನ್ನುತ್ತಿದ್ದವರು.

ಅರ್ಪಿತ ಹೆಲ್ಮೆಟ್ ಹಾಕಿಕೊಂಡಳು. ಮಡಚಿಕೊಂಡಿದ್ದ ಉಗುರು ಈಗ ಉರಿಯತೊಡಗಿತ್ತು. ಆಫೀಸು ಬಿಡುವ ಹೊತ್ತು, ರಸ್ತೆ ತುಂಬ ಗಾಡಿಗಳು. ಅವಳು ಸ್ಕೂಟರನ್ನು ಪದ್ಮನಾಭನಗರದ ಕಡೆಗೆ ತಿರುಗಿಸಿದಳು.